ಬಳೆಯಲ್ಲಿದ್ದ ಪಿನ್ನು

ಸೊಸೆಯ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾದ ದಿನವೇ ಅತ್ತೆ ಅವಳ ತಟ್ಟೆ ಲೋಟಗಳಿಗೆ ಅವಳದೇ ಕೆಂಪು ನೇಲ್‌ಪಾಲಿಶ್ ಬಳಿದು ಬೇರೆ ಇಟ್ಟರು.

“ಒಟ್ಟಿಗೆ ಉಂಡರೆ ಬರಲ್ಲ, ರಕ್ತ ತಾಗಿದ್ರೆ ಬರುತ್ತೆ ಅಂತ ಡಾಕ್ಟ್ರು ಹೇಳಿದ್ರಲ್ಲ ಅತ್ತೆ. ಬ್ಲೇಡು, ಸೂಜಿ, ಬ್ರಷ್ಷು ಬೇರೆ ಇಡಿ ಅಂದ್ರು. ನಿಮ್ಮ ಮಗನ ಥರ ನೀವೂ ಅದು ಬರದ ಹಾಗೆ ಮೂರು ಇಂಜೆಕ್ಷನ್ ಹಾಕಿಸ್ಕೊಂಡ್ಬಿಡಿ.”

“ಕಾಯಿಲೆ ನಿನಗೆ, ಸೂಜಿ ನನಗಾ?”

ಅಂದಿನಿಂದ ಅವಳು ಕುಡಿದ ಲೋಟ ಹಿತ್ತಿಲ ಕಲ್ಲಿನ ಮೇಲೆ, ಕೂತ ಚಾಪೆ ಬಿಸಿಲಿಗೆ. ಒಲೆಯ ಹತ್ತಿರ ಬಂದರೆ ಅತ್ತೆ ಅವಳ ಕೈಯಿಂದ ಸೌಟು ಕಿತ್ತುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಸೌದೆ ತರಲು ಹೋದ ಅತ್ತೆ ಕುಂಟುತ್ತ ಬಂದು ಜಗುಲಿಯ ಮೇಲೆ ಕುಸಿದರು. ಅಂಗಾಲಿನಲ್ಲಿ ಜಾಲಿ ಮುಳ್ಳು ಮುರಿದುಕೊಂಡಿತ್ತು.

“ಜೀವ ಹೋಗ್ತಿದೆ ಕಣೇ. ನಿನ್ನ ಬಳೇಲಿರೋ ಪಿನ್ನು ಕೊಡು, ಬೇಗ!”

ಸೊಸೆ ಬಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬೆಳಿಗ್ಗೆಯಷ್ಟೇ ಆ ಪಿನ್ನಿನಿಂದ ತನ್ನ ಬೆರಳಿಗೆ ಹೊಕ್ಕಿದ್ದ ಸಿಬಿರು ತೆಗೆದಿದ್ದಳು. ರಕ್ತ ಬಂದಿತ್ತು.

“ಇದು ಬೇಡ ಅತ್ತೆ. ಒಂದು ನಿಮಿಷ ಇರಿ, ಪಕ್ಕದ ಮನೆಯಿಂದ ತರ್ತೀನಿ.”

“ಕೈಯಲ್ಲೇ ಇಟ್ಕೊಂಡು ಪಕ್ಕದ ಮನೆಗೆ ಹೋಗ್ತೀಯಾ? ಕೊಡೇ!”

“ನಿಮ್ಮ ಕಾಲಿಗೆ ಬೀಳ್ತೀನಿ, ಇದೊಂದನ್ನ ಮುಟ್ಟಬೇಡಿ.”

ಅತ್ತೆಯ ಕಣ್ಣು ತುಂಬಿತು.

“ಒಂದು ಪಿನ್ನಿಗೂ ನಂದು ನಿಂದು ಅಂತೀಯಲ್ಲೇ! ಒಂದೇ ಮನೇಲಿದ್ದು ಹೀಗೆ ಬೇರೆ ಮಾಡ್ತಾರೇನೇ ಯಾರಾದ್ರೂ?”