ಅದೇ ಮೊಳೆ

ಫುಟ್‌ಬಾಲ್ ಪಂದ್ಯ ನಾಲ್ಕು–ಸೊನ್ನೆಗೆ ಮುಗಿಯಿತು. ಸೋತ ತಂಡದ ನಾಯಕ ಕ್ರೇಗ್ ಕೈ ಚಾಚಿದ. ಗೆದ್ದ ತಂಡದ ನಾಯಕ ಯೆರ್ಕೊ ಆ ಕೈಯತ್ತ ತಿರುಗಿಯೂ ನೋಡದೆ, ಕೆಸರು ಬೂಟಿನಲ್ಲೇ ಕ್ರೇಗ್‌ನ ಕ್ಲಬ್ಬಿನ ಗಂಡಸರ ಕಕ್ಕಸಿಗೆ ನುಗ್ಗಿದ.

ಉಚ್ಚೆ ಹೊಯ್ಯುವ ಜಾಗದ ಮೇಲೆ, ಮೊಳೆಗೆ ನೇತಾಡುತ್ತಿತ್ತು ಕೆಂಪು-ಬಿಳಿ ಚೌಕಗಳ ಪುಟ್ಟ ಬಾವುಟ. ಆಸ್ಟ್ರೇಲಿಯಾಕ್ಕೆ ವಲಸೆ ಬಂದ ಕ್ರೊಯೇಷಿಯನ್ನರು ಕಟ್ಟಿದ ಯೆರ್ಕೊನ ಕ್ಲಬ್ಬಿಗಾಗಿ ಅವನಜ್ಜಿ ತೋಂಕಾ ಕಸೂತಿ ಹಾಕಿದ್ದು. ಹೋದ ವರ್ಷ ಪಂದ್ಯಕ್ಕೆ ಮುಂಚೆ, ನಾಯಕರು ಬಾವುಟ ಬದಲಾಯಿಸಿಕೊಳ್ಳುವ ವಾಡಿಕೆಯಂತೆ ಅವನೇ ಅದನ್ನು ಕ್ರೇಗ್‌ಗೆ ಕೊಟ್ಟು ಅವರ ಕ್ಲಬ್ಬಿನದನ್ನು ಪಡೆದಿದ್ದ.

"ತಮಾಷೆಗೆ ಹಾಕಿದ್ವಿ ಮಾರಾಯ, ಇಷ್ಟಕ್ಕೆಲ್ಲಾ ಉರ್ಕೋತೀಯಾ?" ಬಾಗಿಲಲ್ಲಿ ಕ್ರೇಗ್ ಹಲ್ಲು ಕಿರಿದ.

ಯೆರ್ಕೊ ಅಜ್ಜಿಯ ಬಾವುಟ ಬಿಚ್ಚಿ ಅಂಗಿಯೊಳಗೆ ಇಟ್ಟುಕೊಂಡ. ಕಾಲುಚೀಲದಿಂದ ಇನ್ನೊಂದನ್ನು ಎಳೆದ. ತೊಂಬತ್ತು ನಿಮಿಷ ಅವನ ಕಾಲಿನ ಪ್ಯಾಡಿನಡಿ ಬೆವರು ಕುಡಿದಿದ್ದ, ಕ್ರೇಗ್ ಕ್ಲಬ್ಬಿನ ನೀಲಿ ಬಾವುಟ. ಅದನ್ನು ಅದೇ ಮೊಳೆಗೆ ನೇತುಹಾಕಿ, ಕೈ ಚಾಚಿದ.

"ಈಗ ಕೊಡೋ ಕೈ. ನಾನೂ ತಮಾಷೆಗೇ ಹಾಕಿದ್ದು."