ತೇವ ಹೀರುವ ಮಿಷನ್

ಹೆಂಡತಿಯ ಉಬ್ಬಸಕ್ಕೆ ಗೋಡೆಯ ಬೂಷ್ಟೇ ವಿಲನ್ ಎಂದು ಡಾಕ್ಟರು ಹೇಳಿದ್ದೇ ತಡ, ಜಯಕರ ಇಡೀ ಮನೆಯ ತೇವ ಹೀರುವ ಮಿಷನ್ ಹಾಕಿಸಿದ. ಮಂಗಳೂರಿನ ಮಳೆಗಾಲದಲ್ಲೂ ಗೋಡೆ ಒಣಗಿತು. ಅವಳ ಉಬ್ಬಸ ಮಾತ್ರ ಇಳಿಯಲಿಲ್ಲ.

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದರೆ ಮಿಷನ್ ಆಫ್ ಆಗಿತ್ತು. ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಬಿಟ್ಟುಕೊಂಡು, ಹಬೆಯ ನಡುವೆ ಅವಳು ಏದುಸಿರು ಬಿಡುತ್ತಿದ್ದಳು.

“ಸಾಯ್ಲಿಕ್ಕುಂಟಾ ನಿಂಗೆ? ಮಗನನ್ನು ಕಡಲು ತಿಂದು ಮೂರು ತಿಂಗಳಾಗ್ಲಿಲ್ಲ, ಈಗ ನೀನು ಕೂಡ ಹೊರಟದ್ದಾ ಮಾರಾಯ್ತಿ?”

“ಮಿಷನ್ ಹಾಕಿದ್ರೆ ಕನ್ನಡಿಯಲ್ಲಿ ಹಬೆ ನಿಲ್ಲುದೇ ಇಲ್ಲ. ಒಮ್ಮೆ ಅಲ್ಲಿ ನೋಡಿ.”

ಕಡಲಲ್ಲಿ ಈಜಲು ಹೊರಟ ದಿನ ಸಿನಿಮಾ ಹುಚ್ಚಿನ ಮಗ ತಮಾಷೆಗೆ ಬೆರಳಲ್ಲಿ ಗೀಚಿದ್ದು ಹಬೆ ಹಿಡಿದ ಕನ್ನಡಿಯಲ್ಲಿ ಮತ್ತೆ ಮೂಡಿತ್ತು: ‘ಡ್ಯಾಡಿ, ಇದು ಇಂಟರ್ವಲ್ ಅಷ್ಟೇ. ಹೀರೋ ಕ್ಲೈಮ್ಯಾಕ್ಸಿಗೆ ಬರ್ತಾನೆ!’

ಜಯಕರ ಒಳಗೆ ಬಂದು, ಹಬೆ ಹೊರಹೋಗದ ಹಾಗೆ ಬಾಗಿಲು ಹಾಕಿದ.