ಬಾಗಿಲ ಅಗಲ

ಅಪ್ಪನ ಹೆಜ್ಜೆ ಸದ್ದು ಕೇಳಿದ್ದೇ ತಡ, ಅಜ್ಜಿಯ ಕೋಣೆಯ ಬಾಗಿಲಲ್ಲಿದ್ದ ಮಗಳು ಕೈಯಲ್ಲಿದ್ದ ದಾರವನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಅವನಿಗೆ ಮೊದಲೇ ಅನುಮಾನ. ಈಚೆಗೆ ಅಜ್ಜಿ ಮೊಮ್ಮಗಳ ಗುಸುಗುಸು ಜಾಸ್ತಿಯಾಗಿತ್ತು. ಅವನು ಹತ್ತಿರ ಹೋದರೆ ಇಬ್ಬರ ಬಾಯಿಗೂ ಬೀಗ.

"ಏನೇ ಅದು? ಯಾರು ಹೇಳಿಕೊಟ್ಟಿದ್ದು, ನಿನ್ನ ಸೋದರತ್ತೆನಾ?"

"ಅಲ್ಲಪ್ಪ, ಲೆಕ್ಕದ ಮೇಡಂ. ಮನೇಲಿ ಯಾರಾದ್ರೂ 'ಆಗಲ್ಲ' ಅಂದಿದ್ದನ್ನ ನೀವೇ ಅಳೆದು ನೋಡ್ಕೊಂಡು ಬನ್ನಿ ಅಂದಿದ್ದಾರೆ."

ದಾರ ಹೊರಗೆ ಬಂತು. ಅಜ್ಜಿಯ ಗಾಲಿಕುರ್ಚಿಯ ಅಗಲಕ್ಕೆ ಸರಿಯಾಗಿ ಅದಕ್ಕೊಂದು ಗಂಟು ಹಾಕಿದ್ದಳು. ತುದಿಯನ್ನು ಚೌಕಟ್ಟಿನ ಒಂದು ಬದಿಗೆ ಒತ್ತಿ ಹಿಡಿದು ಇನ್ನೊಂದು ಬದಿಗೆ ಎಳೆದಳು. ಗಂಟು ಅಲ್ಲಿಯವರೆಗೆ ಮುಟ್ಟಲೇ ಇಲ್ಲ. ಕುರ್ಚಿಯನ್ನು ಮಡಿಸಿ ಒಳಗೆ ತಂದ ದಿನದಿಂದ, ಅದರಲ್ಲೂ ನೆಂಟರು ಬಂದಾಗಲೆಲ್ಲ, "ಬಾಗಿಲಲ್ಲಿ ಹಿಡಿಸಲ್ಲ, ನೀನು ಒಳಗೇ ಇರಮ್ಮ" ಅನ್ನುತ್ತಿದ್ದವನು ಅವನೇ.

ಅವನ ಅನುಮಾನವೆಲ್ಲ ಈಗ ಮಗಳ ಕಣ್ಣಿಗೆ ಬಂದು ಕೂತಿತ್ತು. "ಅಪ್ಪಾ, ನೀನು ಅಳೆದು ನೋಡಿದ್ಯಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅವನಮ್ಮನ ದನಿ ಕೇಳಿತು. "ಎಷ್ಟು ಉಳೀತು, ಮಗೂ?"

"ನಾಲ್ಕು ಬೆರಳು, ಅಜ್ಜಿ."

ಒಳಗೆ ಕುರ್ಚಿಯ ಬ್ರೇಕ್ ಬಿಟ್ಟ ಸದ್ದಾಯಿತು.